ಬೇರಿನೊಳಗಿನ ಕೆಂಪು

ನಾನು ಹುಟ್ಟಿ ಬೆಳೆದದ್ದು ರಾಗಿಯ ಸೀಮೆಯಲ್ಲಿ. ರಾಗಿಯ ಹೊಲವೆಂದರೆ ಬರಿಯ ರಾಗಿಯ ಹೊಲವಲ್ಲ. ಹತ್ತಾರು ಸಾಲು ರಾಗಿಯ ನಡುವೆ ಒಂದು ಅಕ್ಕಡಿ ಸಾಲು ಇರಲೇಬೇಕು; ಆ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಒಂದಿಷ್ಟು ಜೋಳ. ರಾಗಿಯ ಕೊಯ್ಲು ಮುಗಿದ ಮೇಲೂ ಅವರೆ ಹೊಲದಲ್ಲಿ ಒಂಟಿಯಾಗಿ ನಿಂತು, ಮಾಗಿಯ ಇಬ್ಬನಿ ಕುಡಿದು, ಸೊಗಡು ತುಂಬಿಕೊಂಡು ಕಾಯಿ ಬಿಡುತ್ತಿತ್ತು. ನನಗಾಗ ಏಳೆಂಟು ವರ್ಷವಿರಬಹುದು. ಮಳೆ ನಿಂತ ಒಂದು ಬೆಳಿಗ್ಗೆ, ಇನ್ನೂ ಹೂವಿಗೆ ಬಾರದ ಅವರೆಯ ಗಿಡವೊಂದನ್ನು ಆಟಕ್ಕಾಗಿ ಬೇರುಸಹಿತ ಕಿತ್ತೆ. ಬೇರಿನ ತುಂಬ ಕಡಲೆಗಿಂತ ಚಿಕ್ಕದಾದ ಗಂಟುಗಳು. ರೋಗದ ಗಿಡವೆಂದುಕೊಂಡು ಒಂದು ಗಂಟನ್ನು ಉಗುರಿನಿಂದ ಸೀಳಿದೆ. ಉಗುರು ಕೆಂಪಾಯಿತು. ಬೆರಳು ಕುಯ್ದುಕೊಂಡೆನೇನೋ ಎಂದು ಹೆದರಿ ಚೀಪಿ ನೋಡಿದೆ, ಗಾಯವಿರಲಿಲ್ಲ. ದೂರದಿಂದ ತಾತ ಗದರಿಸಿದರು: “ಕೀಳ್ಬೇಡ ಕಣ್ಲಾ, ಬೇರು ನೆಲ್ದಾಗೇ ಇರ್ಲಿ!” “ಗಿಡಕ್ಕೂ ರಕ್ತ ಇರ್ತದಾ ತಾತ?” ಎಂದು ಕೇಳಿದ್ದಕ್ಕೆ ಅವರು ನಕ್ಕರೇ ಹೊರತು ಉತ್ತರ ಹೇಳಲಿಲ್ಲ.

ಆ ಪ್ರಶ್ನೆಗೆ ಉತ್ತರವಿದೆಯೆಂದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಕನ್ನಡ ಎಂ.ಎ. ಮಾಡಿ, ಪಂಪ, ಕುಮಾರವ್ಯಾಸರನ್ನು ಪಾಠ ಹೇಳುತ್ತ ಸೇವಾವಧಿಯನ್ನು ಕಳೆದ ನನಗೆ ಈ ವಿಷಯವನ್ನು ಕುರಿತು ಮಾತನಾಡುವ ಅಧಿಕಾರವೇನು ಎಂದು ಕೇಳುಗರು ಕೇಳಿದರೆ ತಪ್ಪಲ್ಲ. ಅಧಿಕಾರವಿಲ್ಲ; ಆದರೆ ಒಂದು ಋಣವಿದೆ. ಈ ಕೆಂಪನ್ನು ಕುರಿತು ನಾನು ಎಷ್ಟೋ ವರ್ಷ ತರಗತಿಯಲ್ಲಿ ಒಂದು ಸುಂದರವಾದ ಮಾತನ್ನು ಹೇಳುತ್ತಿದ್ದೆ. ಆ ಮಾತು ನಿಲ್ಲತಕ್ಕದ್ದಲ್ಲವೆಂದು ಆಮೇಲೆ ತಿಳಿಯಿತು. ಆ ಕಥೆಯನ್ನು ಹೇಳುವ ಮುನ್ನ ಬೇರುಗಂಟಿನ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಗಾಳಿಯ ನೂರು ಪಾಲಿನಲ್ಲಿ ೭೮ ಪಾಲು ಸಾರಜನಕ. ಗಿಡಕ್ಕೂ ನಮಗೂ ಮಾಂಸಖಂಡ ಕಟ್ಟುವ ಪ್ರೋಟೀನಿಗೆ ಸಾರಜನಕ ಬೇಕೇ ಬೇಕು. ಆದರೆ ಗಾಳಿಯ ಸಾರಜನಕದ ಪರಮಾಣುಗಳು ಎರಡೆರಡಾಗಿ ಎಷ್ಟು ಬಿಗಿಯಾಗಿ ತಬ್ಬಿಕೊಂಡಿವೆಯೆಂದರೆ, ಯಾವ ಗಿಡಕ್ಕೂ ಅವನ್ನು ತಾನಾಗಿ ಬಿಡಿಸಿಕೊಳ್ಳುವ ಶಕ್ತಿಯಿಲ್ಲ. ಕಡಲಿನ ನಡುವೆ ನಿಂತು ಬಾಯಾರಿದವನ ಅವಸ್ಥೆ ಅದು. ಹೀಗಿದ್ದರೂ ಅವರೆ, ತೊಗರಿ, ಬಟಾಣಿಯಂಥ ದ್ವಿದಳಗಳು ಬಡ ನೆಲದಲ್ಲಿಯೂ ಹಸುರಾಗಿ ಬೆಳೆಯುತ್ತವೆ. ಅವು ಬೆಳೆದ ನೆಲದಲ್ಲಿ ಮುಂದಿನ ಪೈರೂ ಚೆನ್ನಾಗಿ ಬರುತ್ತದೆ. ಇದು ರೈತರಿಗೆ ಸಾವಿರಾರು ವರ್ಷಗಳಿಂದ ಗೊತ್ತಿದ್ದ ಸಂಗತಿ. ಏಕೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಫ್ರಾನ್ಸಿನ ಬೂಸ್ಸಿಂಗೋ ೧೮೩೮ರ ವೇಳೆಗೆ ತಕ್ಕಡಿ ಹಿಡಿದು ಈ ಪ್ರಶ್ನೆಯನ್ನು ಕೇಳಿದ. ಗೋಧಿ ತನಗೆ ಕೊಟ್ಟ ಸಾರಜನಕಕ್ಕಿಂತ ಹೆಚ್ಚು ಗಳಿಸಲಿಲ್ಲ. ಬಟಾಣಿ, ಕ್ಲೋವರ್‌ಗಳು ಗಳಿಸಿದವು. ಇದನ್ನು ಒಮ್ಮೆಗೇ ಇತ್ಯರ್ಥ ಮಾಡಬೇಕೆಂದು ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಲಾಸ್, ಗಿಲ್ಬರ್ಟ್, ಪ್ಯೂ ಎಂಬ ಮೂವರು ೧೮೫೭ ಮತ್ತು ೧೮೫೮ರಲ್ಲಿ ಬಹು ಎಚ್ಚರಿಕೆಯ ಪ್ರಯೋಗಗಳನ್ನು ಹೂಡಿದರು. ಮಣ್ಣನ್ನು ಸುಟ್ಟು ಶುದ್ಧಿ ಮಾಡಿದರು. ಗಾಜಿನ ಮುಸುಕಿನಡಿ ಗಿಡ ಬೆಳೆಸಿದರು. ಗಾಳಿಯನ್ನೂ ತೊಳೆದು ಒಳಗೆ ಬಿಟ್ಟರು. ದ್ವಿದಳವೂ ಗಾಳಿಯಿಂದ ಏನನ್ನೂ ಗಳಿಸಲಿಲ್ಲ. ಪ್ರಯೋಗದಲ್ಲಿ ಲೋಪವೇ ಇರಲಿಲ್ಲ. ಆದರೆ ಆ ನಿರ್ದುಷ್ಟತೆಯೇ ಉತ್ತರವನ್ನು ಸುಟ್ಟು ಬೂದಿ ಮಾಡಿತ್ತು. ಏಕೆಂದರೆ ಉತ್ತರವಿದ್ದದ್ದು ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ.

ಜರ್ಮನಿಯ ಹೆಲ್‌ರೀಗೆಲ್ ಇದನ್ನು ೧೮೮೬ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳ ಸಭೆಯಲ್ಲಿ ಬಿಡಿಸಿ ಹೇಳಿದ. ಅವನೂ ಅವನ ಜೊತೆಗಾರ ವಿಲ್‌ಫಾರ್ಟನೂ ಶುದ್ಧ ಮರಳಿನಲ್ಲಿ ಬಟಾಣಿ ಬೆಳೆಸಿದಾಗ ಗಿಡ ಬಡಕಲಾಯಿತು. ಅದಕ್ಕೆ ಹೊಲದ ಮಣ್ಣು ತೊಳೆದ ನೀರನ್ನು ಸ್ವಲ್ಪ ಹಾಕಿದರೆ ಬೇರಿನಲ್ಲಿ ಗಂಟು ಮೂಡಿ ಗಿಡ ಚಿಗುರಿತು. ಅದೇ ನೀರನ್ನು ಕುದಿಸಿ ಹಾಕಿದರೆ ಏನೂ ಆಗಲಿಲ್ಲ. ಎರಡು ವರ್ಷಗಳ ಮೇಲೆ, ೧೮೮೮ರಲ್ಲಿ, ಹಾಲೆಂಡಿನ ಬೈಯರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದ. ಇಟಲಿಯ ಮಾಲ್ಪೀಘಿ ೧೭ನೆಯ ಶತಮಾನದಲ್ಲಿಯೇ ಚಿತ್ರ ಬರೆದಿಟ್ಟಿದ್ದ, ರೋಗದ ಗಂಟೆಂದು ಜನ ಭಾವಿಸಿದ್ದ ಆ ಉಬ್ಬು ಒಂದು ಅತಿಥಿಗೃಹವೆಂಬುದು ಹೀಗೆ ತಿಳಿಯಿತು. ಗಿಡ ಸಕ್ಕರೆಯ ಅಂಶವನ್ನು ಕೊಡುತ್ತದೆ. ಬ್ಯಾಕ್ಟೀರಿಯ ಗಾಳಿಯ ಸಾರಜನಕವನ್ನು ಅಮೋನಿಯ ಮಾಡಿಕೊಡುತ್ತದೆ.

ಇಷ್ಟಾದರೂ ಕೆಂಪಿನ ಮಾತು ಯಾರ ಬಾಯಲ್ಲಿಯೂ ಗಟ್ಟಿಯಾಗಿ ಬರಲಿಲ್ಲ. ನನಗೆ ಈ ಚರಿತ್ರೆಯಲ್ಲಿ ಅತ್ಯಂತ ಆಶ್ಚರ್ಯವೆನಿಸುವ ಭಾಗ ಇದು. ಗಂಟನ್ನು ಸೀಳಿದವರೆಲ್ಲರಿಗೂ ಕಾಣುತ್ತಿದ್ದ ಬಣ್ಣ ಅದು. ಏಳು ವರ್ಷದ ಹುಡುಗನಿಗೂ ಕಂಡ ಬಣ್ಣ. ಆದರೆ ರಕ್ತದ ಬಣ್ಣ ಪ್ರಾಣಿಗೆ ಸೇರಿದ್ದು, ಹಸುರು ಸಸ್ಯಕ್ಕೆ ಸೇರಿದ್ದು ಎಂಬ ಬೇಲಿಯೊಂದು ಪಂಡಿತರ ಮನಸ್ಸಿನಲ್ಲಿತ್ತು. ಬೇಲಿಯ ಆಚೆಗಿರುವುದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ.

ಬೇಲಿ ದಾಟಿದವನು ಜಪಾನಿನ ಕುಬೊ. ೧೯೩೯ರಲ್ಲಿ ಅವನು ಸೋಯಾ ಅವರೆಯ ಬೇರುಗಂಟಿನ ಕೆಂಪನ್ನು ಪರೀಕ್ಷಿಸಿ, ಇದು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಜಾತಿಗೆ ಸೇರಿದ ಪ್ರೋಟೀನೆಂದು ತೋರಿಸಿದ. ಅವನ ಲೇಖನ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಆದರೆ ಅದು ಯಾವ ವರ್ಷ! ಜಗತ್ತು ಯುದ್ಧಕ್ಕೆ ಇಳಿದ ವರ್ಷ. ನೆಲದ ಮೇಲೆ ರಕ್ತ ಹರಿಯುತ್ತಿದ್ದ ದಿನಗಳಲ್ಲಿ ನೆಲದೊಳಗಿನ ಕೆಂಪಿನ ಮಾತನ್ನು ಕೇಳುವ ವ್ಯವಧಾನ ಯಾರಿಗಿದ್ದೀತು?

ಆದರೂ ಯುದ್ಧ ಮುಗಿಯುವ ಮೊದಲೇ ಆ ಮಾತು ಮರಳಿ ಕೇಳಿಬಂತು. ಕೇಂಬ್ರಿಜ್‌ನಲ್ಲಿ ಡೇವಿಡ್ ಕೈಲಿನ್ ಎಂಬ ವಿಜ್ಞಾನಿಯಿದ್ದ. ಮಾಸ್ಕೋದಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಕಲಿತು, ಇಂಗ್ಲೆಂಡಿನಲ್ಲಿ ನೆಲೆಸಿದವನು. ಹುಳುಗಳನ್ನು ಅಭ್ಯಾಸ ಮಾಡುತ್ತಲೇ, ಜೀವಕೋಶದ ಉಸಿರಾಟಕ್ಕೆ ಆಧಾರವಾದ ಸೈಟೋಕ್ರೋಮುಗಳನ್ನು ೧೯೨೫ರಲ್ಲಿ ಲೋಕಕ್ಕೆ ತೋರಿಸಿದ್ದವನು. ಅವನ ಆಯುಧ ರೋಹಿತದರ್ಶಕ. ಬಣ್ಣದ ವಸ್ತುವಿನ ಮೂಲಕ ಬೆಳಕನ್ನು ಹಾಯಿಸಿ ಕಾಮನಬಿಲ್ಲಿನಂತೆ ಬಿಚ್ಚಿದರೆ, ಆ ವಸ್ತು ನುಂಗಿದ ಬೆಳಕಿನ ಜಾಗದಲ್ಲಿ ಕಪ್ಪು ಪಟ್ಟೆಗಳು ಮೂಡುತ್ತವೆ. ಅವು ಆ ವಸ್ತುವಿನ ಹೆಬ್ಬೆಟ್ಟಿನ ಗುರುತು. ಆಮ್ಲಜನಕ ಹಿಡಿದ ಹಿಮೋಗ್ಲೋಬಿನ್ನಿಗೆ ಎರಡು ಪಟ್ಟೆ. ಆಮ್ಲಜನಕ ಬಿಟ್ಟಾಗ ಅವೆರಡೂ ಕೂಡಿ ಅಗಲವಾದ ಒಂದು ಪಟ್ಟೆ. ಬೇರುಗಂಟಿನ ರಸವೂ ಇದೇ ಆಟವನ್ನು ಆಡಿತು. ೧೯೪೫ರಲ್ಲಿ ಕೈಲಿನ್ ಮತ್ತು ಅವನ ಜೊತೆಗಾರ ವಾಂಗ್ ಇಬ್ಬರೂ ‘ನೇಚರ್’ ಪತ್ರಿಕೆಯಲ್ಲಿ ಕುಬೊನ ಮಾತನ್ನು ದೃಢಪಡಿಸಿದರು: ಇದು ಆಮ್ಲಜನಕವನ್ನು ಹಿಡಿದು ಬಿಡಬಲ್ಲ ನಿಜವಾದ ಹಿಮೋಗ್ಲೋಬಿನ್. ಈ ವಾಂಗ್ ಯಿಂಗ್‌ಲಾಯ್ ಚೀನಕ್ಕೆ ಹಿಂದಿರುಗಿ, ೧೯೬೫ರಲ್ಲಿ ಇನ್ಸುಲಿನ್ ಎಂಬ ಪ್ರೋಟೀನನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದ ಸಾಹಸಕ್ಕೆ ಮುಂದಾಳಾದ. ಜಪಾನಿನವನ ಶೋಧವನ್ನು, ಜಪಾನಿನ ದಾಳಿಗೆ ತುತ್ತಾಗಿದ್ದ ಚೀನದವನೊಬ್ಬ ಸತ್ಯವೆಂದು ಸಾರಿದ. ವಿದ್ಯೆಯ ಲೋಕಕ್ಕೆ ಈ ಗೌರವ ಇನ್ನೂ ಉಳಿದಿತ್ತು.

ಅದೇ ಕಾಲದಲ್ಲಿ ಫಿನ್‌ಲೆಂಡಿನ ವಿರ್ಟಾನೆನ್, ಅದೇ ೧೯೪೫ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವನು, ತನ್ನ ಬಳಗದೊಡನೆ ಇನ್ನೊಂದು ಸಂಗತಿಯನ್ನು ಗಮನಿಸಿದ. ಒಳಗೆ ಕೆಂಪಗಿರುವ ಗಂಟು ಮಾತ್ರ ದುಡಿಯುವ ಗಂಟು. ಬಿಳಿಚಿಕೊಂಡ ಗಂಟು ಗಿಡದ ಅನ್ನ ತಿಂದು ಸುಮ್ಮನಿರುವಂಥದು. ಮುಪ್ಪಾದಾಗ ಕೆಂಪು ಒಡೆದು ಹಸುರಾಗುತ್ತದೆ. ಅಲ್ಲಿಗೆ ದುಡಿಮೆ ನಿಂತಿತು. ದ್ವಿದಳಗಳ ಕುಲನಾಮವನ್ನು ಸೇರಿಸಿ ಈ ಪ್ರೋಟೀನಿಗೆ ಲೆಗ್‌ಹಿಮೋಗ್ಲೋಬಿನ್ ಎಂದು ಹೆಸರಿಟ್ಟರು.

ಸರಿ, ಹೃದಯವಿಲ್ಲದ, ನಾಡಿಯಿಲ್ಲದ ಗಿಡಕ್ಕೆ ರಕ್ತದ ಬಣ್ಣವೇಕೆ? ಈ ಕೆಂಪೇ ಸಾರಜನಕವನ್ನು ಹಿಡಿಯುತ್ತದೆಯೇನೋ ಎಂದು ಮೊದಮೊದಲು ಶಂಕಿಸಿದವರುಂಟು. ಅದು ಹಾಗಲ್ಲ. ಸಾರಜನಕವನ್ನು ಒಡೆಯುವ ಕಿಣ್ವ ಬೇರೆ. ಅದರ ಹೆಸರು ನೈಟ್ರೋಜಿನೇಸ್, ಬ್ಯಾಕ್ಟೀರಿಯದ ಆಸ್ತಿ. ಕಬ್ಬಿಣದ ಒಂದು ಪ್ರೋಟೀನು, ಕಬ್ಬಿಣ ಮತ್ತು ಮಾಲಿಬ್ಡಿನಮ್ ಸೇರಿದ ಇನ್ನೊಂದು ಪ್ರೋಟೀನು, ಇವೆರಡು ಕೂಡಿ ಈ ಕೆಲಸ ಮಾಡುತ್ತವೆ. ಹಾಬರ್ ಎಂಬ ಜರ್ಮನ್ ವಿಜ್ಞಾನಿ ೧೯೦೯ರಲ್ಲಿ ತೋರಿಸಿಕೊಟ್ಟ ಮಾರ್ಗದಲ್ಲಿ ನಮ್ಮ ಗೊಬ್ಬರದ ಕಾರ್ಖಾನೆಗಳು ಅಮೋನಿಯ ಮಾಡಬೇಕಾದರೆ ೪೦೦ ಡಿಗ್ರಿಗೂ ಮೀರಿದ ಉರಿ ಬೇಕು, ಗಾಳಿಯ ಒತ್ತಡದ ನೂರಕ್ಕೂ ಹೆಚ್ಚು ಪಟ್ಟು ಒತ್ತಡ ಬೇಕು. ಗಂಟಿನೊಳಗೆ ಹೊಲದ ಮಣ್ಣಿನ ತಂಪಿನಲ್ಲಿಯೇ ಅದು ನಡೆಯುತ್ತದೆ.

ಆದರೆ ಈ ಮಹಾಶಕ್ತಿಗೆ ಒಂದು ಶಾಪವಿದೆ. ಆಮ್ಲಜನಕ ಸೋಕಿದರೆ ಅದು ಕೆಡುತ್ತದೆ. ಕೆಟ್ಟದ್ದು ಮತ್ತೆ ಸರಿಹೋಗುವುದಿಲ್ಲ. ಇತ್ತ ಬ್ಯಾಕ್ಟೀರಿಯಕ್ಕೆ ಉಸಿರಾಡಲು ಅದೇ ಆಮ್ಲಜನಕ ಬೇಕು. ಸಾರಜನಕದ ಒಂದು ಜೋಡಿಯನ್ನು ಬಿಡಿಸುವುದಕ್ಕೆ ಜೀವಕೋಶದ ಶಕ್ತಿಯ ನಾಣ್ಯವಾದ ಎ.ಟಿ.ಪಿ. ಕಡಮೆಯೆಂದರೂ ೧೬ ಖರ್ಚಾಗುತ್ತದೆ. ಉಸಿರಾಟವಿಲ್ಲದೆ ಅಷ್ಟನ್ನು ಎಲ್ಲಿಂದ ತರುವುದು? ಆಮ್ಲಜನಕ ಬಂದರೆ ಕಿಣ್ವ ಸಾಯುತ್ತದೆ. ಬಾರದಿದ್ದರೆ ಬ್ಯಾಕ್ಟೀರಿಯ ಸೋಲುತ್ತದೆ. ಈ ಇಕ್ಕಟ್ಟಿನಲ್ಲಿ ಕೆಂಪು ನಡುವೆ ನಿಲ್ಲುತ್ತದೆ. ಗಂಟಿನ ಹೊರಪದರ ಗಾಳಿ ನುಗ್ಗದಂತೆ ತಡೆಯುತ್ತದೆ. ಒಳಗೆ ಬಂದಷ್ಟು ಆಮ್ಲಜನಕವನ್ನು ಲೆಗ್‌ಹಿಮೋಗ್ಲೋಬಿನ್ ನಮ್ಮ ಸ್ನಾಯುವಿನ ಮಯೋಗ್ಲೋಬಿನ್ನಿಗಿಂತಲೂ ಬಿಗಿಯಾಗಿ ಹಿಡಿದುಕೊಂಡು, ಬಿಡಿಯಾಗಿ ಅಲೆಯಲು ಬಿಡದೆ, ಕೈಯಿಂದ ಕೈಗೆ ದಾಟಿಸಿ ಬ್ಯಾಕ್ಟೀರಿಯದ ಬಾಗಿಲಿಗೆ ಮುಟ್ಟಿಸುತ್ತದೆ. ಅಮೆರಿಕದ ವಿಟನ್‌ಬರ್ಗ್, ಆಸ್ಟ್ರೇಲಿಯದ ಬರ್ಗರ್ಸನ್, ಆ್ಯಪಲ್‌ಬಿ, ಟರ್ನರ್ ಇವರು ೧೯೭೪ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಬಾಣಂತಿಯ ಕೋಣೆಗೆ ದೀಪವೂ ಬೇಕು, ದೀಪದ ಕುಡಿ ಕಣ್ಣಿಗೆ ರಾಚಲೂಬಾರದು ಎಂದು ಸೆರಗು ಮರೆಮಾಡಿ ದೀಪ ತರುವ ಹೆಂಗಸರನ್ನು ನಾನು ಕಂಡಿದ್ದೇನೆ. ಈ ಕೆಂಪಿನ ಕೆಲಸ ಅಂಥದು.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ. ಈ ಪ್ರೋಟೀನನ್ನು ಮಾಡುವವರು ಯಾರು, ಗಿಡವೋ ಬ್ಯಾಕ್ಟೀರಿಯವೋ? ೧೯೬೯ರಲ್ಲಿ ಆಸ್ಟ್ರೇಲಿಯದ ಡಿಲ್‌ವರ್ತ್ ಒಂದೇ ತಳಿಯ ಬ್ಯಾಕ್ಟೀರಿಯವನ್ನು ಲೂಪಿನ್, ಸೆರಡೆಲ್ಲಾ ಎಂಬ ಎರಡು ಬಗೆಯ ಗಿಡಗಳಿಗೆ ಹಚ್ಚಿ ನೋಡಿದ. ಗಿಡ ಬದಲಾದಂತೆ ಪ್ರೋಟೀನಿನ ರೂಪ ಬದಲಾಯಿತು. ಎಂದರೆ ಪ್ರೋಟೀನಿನ ಒಡೆತನ ಗಿಡದ್ದು. ಆದರೆ ಈ ಪ್ರೋಟೀನಿನ ಮಡಿಲಲ್ಲಿ ಕಬ್ಬಿಣವನ್ನು ಹೊತ್ತ ಹೀಮ್ ಎಂಬ ಪುಟ್ಟ ಉಂಗುರವಿದೆ, ಕೆಂಪೆಲ್ಲ ಅದರದೇ. ಹೀಮನ್ನು ಮಾಡುವುದು ಬ್ಯಾಕ್ಟೀರಿಯ ಎಂಬ ಅಭಿಪ್ರಾಯ ಅದೇ ವರ್ಷದ ಪ್ರಯೋಗಗಳಿಂದ ಬಲವಾಯಿತು, ಪಠ್ಯಪುಸ್ತಕಗಳಿಗೂ ಏರಿತು. ಒಡಲು ಗಿಡದ್ದು, ಒಡಲಿನ ಕೆಂಡ ಬ್ಯಾಕ್ಟೀರಿಯದ್ದು! ಜನಪ್ರಿಯ ವಿಜ್ಞಾನದ ಪುಸ್ತಕವೊಂದರಲ್ಲಿ ಇದನ್ನು ಓದಿದ ದಿನ ನಾನು ಹಿಗ್ಗಿದೆ. ತರಗತಿಯಲ್ಲಿ ಅರ್ಧನಾರೀಶ್ವರನ ಕಲ್ಪನೆ ಬಂದಾಗಲೆಲ್ಲ ನಾನು ಅವರೆಯ ಬೇರುಗಂಟನ್ನು ಎತ್ತಿ ಹೇಳುತ್ತಿದ್ದೆ: “ನೋಡಿ, ಒಂದೇ ಪ್ರೋಟೀನಿನ ಅರ್ಧ ಒಬ್ಬರದು, ಅರ್ಧ ಇನ್ನೊಬ್ಬರದು. ಕವಿ ಕಂಡದ್ದನ್ನೇ ವಿಜ್ಞಾನಿಯೂ ಕಂಡ.” ಹುಡುಗರು ಬರೆದುಕೊಳ್ಳುತ್ತಿದ್ದರು.

ಒಂದು ದಿನ ಉಪನ್ಯಾಸಕರ ಕೊಠಡಿಯಲ್ಲಿ ಸಸ್ಯಶಾಸ್ತ್ರದ ಸಹೋದ್ಯೋಗಿಯೊಬ್ಬರು, ನನಗಿಂತ ಕಿರಿಯರು, ಸಂಕೋಚದಿಂದಲೇ ಹೇಳಿದರು: “ಸಾರ್, ನಿಮ್ಮ ಉಪಮೆಯನ್ನ ಹುಡುಗರು ನನ್ನ ಹತ್ತಿರ ತಂದಿದ್ದಾರೆ. ಅದು ಈಗ ನಿಲ್ಲೋದಿಲ್ಲ.” ಹೀಮನ್ನು ತಯಾರಿಸುವ ಮಾರ್ಗದ ಮೊದಲ ಮೆಟ್ಟಿಲನ್ನೇ ಕಳೆದುಕೊಂಡ ಬ್ಯಾಕ್ಟೀರಿಯ ಕೂಡ ಸೋಯಾ ಬೇರಿನಲ್ಲಿ ಕೆಂಪು ಗಂಟು ಮೂಡಿಸುತ್ತದೆಂದು ೧೯೮೬ರಲ್ಲಿಯೇ ಕಂಡುಬಂದಿತ್ತಂತೆ. ಆಮೇಲೆ ವಾದವಿವಾದ ನಡೆದು, ೧೯೯೮ರ ವೇಳೆಗೆ ಪುರಾವೆಗಳೆಲ್ಲ ಗಿಡದ ಕಡೆಗೇ ವಾಲಿದವು: ಒಡಲೂ ಗಿಡದ್ದೇ, ಕೆಂಡವೂ ಗಿಡದ್ದೇ. ನನಗೆ ನಿಜವಾಗಿ ಬೇಸರವಾಯಿತು. ಅಷ್ಟು ಚೆಲುವಾದ ಮಾತು ಸುಳ್ಳಾಗಬೇಕೇ ಎನಿಸಿತು. ಉಪಮೆ ಚೆನ್ನಾಗಿದೆಯೆಂಬುದೇ ಅದರ ಸತ್ಯಕ್ಕೆ ಸಾಕ್ಷಿಯೆಂದು ನಾನು ನಂಬಿದ್ದೆ. ಸಾಹಿತ್ಯವನ್ನು ಪ್ರೀತಿಸುವವರು ಬೀಳುವ ಹಳ್ಳ ಇದು. ಮರುದಿನ ತರಗತಿಯಲ್ಲಿ, ಹಿಂದೆ ಹೇಳಿದ್ದು ತಪ್ಪೆಂದು ಹೇಳಿದೆ. ಆದರೆ ಅದಕ್ಕೆ ಮುಂಚೆ ಬರೆದುಕೊಂಡು ಹೋದ ಹುಡುಗರಿಗೆ ಹೇಳುವವರು ಯಾರು? ಆ ಋಣವೆಂದೆನಲ್ಲ, ಅದು ಇದೇ.

ಇಂಥ ಹಳ್ಳಕ್ಕೆ ಬಿದ್ದವನು ನಾನೊಬ್ಬನೇ ಅಲ್ಲವೆಂಬುದು ಮುಂದಿನ ಕಥೆಯಿಂದ ತಿಳಿಯುತ್ತದೆ. ಪ್ರಾಣಿಯ ಪ್ರೋಟೀನು ಗಿಡಕ್ಕೆ ಹೇಗೆ ಬಂತು ಎಂಬ ಪ್ರಶ್ನೆ ವಿಜ್ಞಾನಿಗಳನ್ನೂ ಕಾಡಿತು. ೧೯೭೫ರಲ್ಲಿ ಮಾಸ್ಕೋದ ವೈನ್‌ಶ್ಟೈನ್ ಮತ್ತು ಸಂಗಡಿಗರು ಲೂಪಿನ್ ಗಿಡದ ಲೆಗ್‌ಹಿಮೋಗ್ಲೋಬಿನ್ನಿನ ಆಕಾರವನ್ನು ಕಂಡಾಗ, ಅದರ ಮಡಿಕೆಗಳು ಪ್ರಾಣಿಗಳ ಮಯೋಗ್ಲೋಬಿನ್ನಿನ ಮಡಿಕೆಗಳನ್ನೇ ಹೋಲುತ್ತಿದ್ದವು. ೧೯೮೦ರಲ್ಲಿ ಕೆನಡದಲ್ಲಿ ಲೆಗೋಟ್ಸ್ಕಿ ಮತ್ತು ವರ್ಮಾ, ಬೇರುಗಂಟಿನಲ್ಲಿ ಮಾತ್ರ ಗಿಡ ತಯಾರಿಸುವ ಪ್ರೋಟೀನುಗಳಿಗೆಲ್ಲ ನಾಡ್ಯುಲಿನ್ ಎಂಬ ಹೆಸರು ಕೊಟ್ಟರು. ಲೆಗ್‌ಹಿಮೋಗ್ಲೋಬಿನ್ ಅವುಗಳಲ್ಲಿ ಹಿರಿಯಣ್ಣನಾಯಿತು. ೧೯೮೧ರಲ್ಲಿ ಡೆನ್ಮಾರ್ಕಿನ ಮಾರ್ಕರ್ ಬಳಗ ಸೋಯಾದ ಜೀನನ್ನು ಓದಿತು. ಪ್ರಾಣಿಗಳ ಹಿಮೋಗ್ಲೋಬಿನ್ ಜೀನಿನಲ್ಲಿ ಎರಡು ಕಡೆ ಅರ್ಥವಿಲ್ಲದ ತುಣುಕುಗಳು ಸೇರಿಕೊಂಡಿವೆ. ಸೋಯಾದಲ್ಲಿಯೂ ಅವೇ ಎರಡು ಜಾಗದಲ್ಲಿ ತುಣುಕುಗಳಿದ್ದು, ನಡುವೆ ಮೂರನೆಯದೊಂದಿತ್ತು. ಅಂಥದೊಂದು ಹಿಂದೆ ಇದ್ದಿರಬೇಕೆಂದು ಜಪಾನಿನ ವಿದುಷಿ ಮಿಚಿಕೊ ಗೋ, ಪ್ರೋಟೀನಿನ ಆಕಾರವೊಂದನ್ನೇ ನೋಡಿ, ಅದೇ ವರ್ಷ ಊಹಿಸಿದ್ದಳು.

ಇಷ್ಟು ಹೋಲಿಕೆಯನ್ನು ಕಂಡು, ಯಾವುದೋ ಕಾಲದಲ್ಲಿ ಪ್ರಾಣಿಯೊಂದರ ಜೀನು ದ್ವಿದಳಗಳಿಗೆ ಸೇರಿಕೊಂಡಿರಬೇಕು ಎಂಬ ರೋಚಕವಾದ ಊಹೆ ಹುಟ್ಟಿತು. ಆದರೆ ೧೯೮೩ರಲ್ಲಿ, ದ್ವಿದಳವಲ್ಲದಿದ್ದರೂ ಬೇರುಗಂಟು ಬಿಡುವ ಪ್ಯಾರಾಸ್ಪೋನಿಯ ಎಂಬ ಮರದಲ್ಲಿ ಹಿಮೋಗ್ಲೋಬಿನ್ ಸಿಕ್ಕಿತು. ನಮ್ಮೂರ ಸರ್ವೆ ಮರದ ಬೇರುಗಂಟಿನಲ್ಲಿಯೂ ಸಿಕ್ಕಿತು. ೧೯೮೮ರಲ್ಲಿ ಬೇರುಗಂಟೇ ಬಿಡದ ಟ್ರೀಮಾ ಮರದಲ್ಲಿ ಅದರ ಜೀನು ಕಂಡಿತು. ೧೯೯೪ರಲ್ಲಿ ಬಾರ್ಲಿಯಲ್ಲಿ, ಆಮೇಲೆ ಭತ್ತದಲ್ಲಿ. ಗಿಡ ಕದ್ದದ್ದೂ ಅಲ್ಲ, ಕಡ ತಂದದ್ದೂ ಅಲ್ಲ. ಗಿಡವೂ ಪ್ರಾಣಿಯೂ ಬೇರೆ ಬೇರೆ ಹಾದಿ ಹಿಡಿಯುವ ಮುನ್ನವೇ ಇಬ್ಬರ ಪೂರ್ವಿಕರ ಮನೆಯಲ್ಲಿದ್ದ ಪಾತ್ರೆ ಅದು. ದಾಯಾದಿಗಳ ಪಾಲಿನಲ್ಲಿ ನಮಗೂ ಬಂತು, ಅವರೆಗೂ ಬಂತು. ನಾವು ಅದನ್ನು ರಕ್ತದಲ್ಲಿ ತುಂಬಿಕೊಂಡೆವು. ಅವರೆ ಬೇರಿನಲ್ಲಿ ತುಂಬಿಕೊಂಡಿತು. ತಾತನನ್ನು ನಾನು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು: ಗಿಡಕ್ಕೆ ರಕ್ತವಿಲ್ಲ, ಆದರೆ ರಕ್ತಸಂಬಂಧವಿದೆ.

ಕೊನೆಯ ಸಾಕ್ಷ್ಯ ೨೦೦೫ರಲ್ಲಿ ಬಂತು. ಜರ್ಮನಿಯಲ್ಲಿ ವಿಜ್ಞಾನಿಗಳು ಲೋಟಸ್ ಜಪಾನಿಕಸ್ ಎಂಬ, ಹೆಸರಿಗೆ ಕಮಲವಾದರೂ ಕುಲದಿಂದ ದ್ವಿದಳವಾದ ಗಿಡದಲ್ಲಿ ಈ ಪ್ರೋಟೀನು ಹುಟ್ಟದಂತೆ ತಡೆದರು. ಗಂಟುಗಳೇನೋ ಮೂಡಿದವು, ಒಳಗೆ ಕೆಂಪಿರಲಿಲ್ಲ. ಗಂಟಿನೊಳಗೆ ಬಿಡಿ ಆಮ್ಲಜನಕ ಹೆಚ್ಚಿತು, ಸಾರಜನಕದ ಕೆಲಸ ನಿಂತಿತು, ಗಿಡ ಹಸಿವಿನಿಂದ ಬಿಳಿಚಿತು. ಗೊಬ್ಬರ ಹಾಕಿದರೆ ಅದೇ ಗಿಡ ಚೆನ್ನಾಗಿ ಬೆಳೆಯಿತು. ಕೆಂಪಿನ ಕೆಲಸ ಇದೊಂದೇ ಎಂಬುದು ಹೀಗೆ ಸಿದ್ಧವಾಯಿತು. ಈಚೆಗೆ ಅಮೆರಿಕದಲ್ಲಿ ಸೋಯಾದ ಈ ಜೀನನ್ನು ಯೀಸ್ಟಿಗೆ ಸೇರಿಸಿ, ಅದು ಮಾಡಿಕೊಟ್ಟ ಕೆಂಪನ್ನು ಸಸ್ಯಾಹಾರದ ತಿನಿಸಿಗೆ ಬೆರೆಸಿ ಮಾಂಸದ ಬಣ್ಣ, ರುಚಿ ತರುತ್ತಿದ್ದಾರೆ. ೨೦೧೯ರಲ್ಲಿ ಅಲ್ಲಿನ ಸರ್ಕಾರ ಅದನ್ನು ಆಹಾರದ ಬಣ್ಣವೆಂದೂ ಒಪ್ಪಿತು. ಸಸ್ಯ ಯಾವುದು, ಮಾಂಸ ಯಾವುದು ಎಂಬ ಬೇಲಿ ಕೊನೆಗೆ ತಟ್ಟೆಯಲ್ಲಿಯೂ ಅಲುಗಾಡಿತು.

ನನ್ನ ಉಪಮೆ ಬಿದ್ದುಹೋದ ಮೇಲೆ ಉಳಿದದ್ದೇನೆಂದು ಆಗಾಗ ಯೋಚಿಸುತ್ತೇನೆ. ಅರ್ಧ ನೀನು ತಾ, ಅರ್ಧ ನಾನು ತರುತ್ತೇನೆ ಎಂಬ ಒಪ್ಪಂದ ಅಲ್ಲಿಲ್ಲ. ಮನೆಗೆ ಬಂದ ಅತಿಥಿಯ ಉಸಿರಿಗಾಗಿ, ಅತಿಥಿಯ ಕೈಕೆಲಸ ಕೆಡದಂತೆ, ಆತಿಥೇಯನೇ ಇಡಿಯ ಪಾತ್ರೆಯನ್ನು ತನ್ನ ಒಡಲಿನಿಂದ ಕಟ್ಟಿಕೊಡುತ್ತಾನೆ. ನಾನು ಕಟ್ಟಿದ್ದ ಚಿತ್ರಕ್ಕಿಂತ ಇದು ಒಂದು ತೂಕ ಹೆಚ್ಚೇ. ಆದರೆ ಇದನ್ನೂ ನಾನು ಈಗ ಮೆಲ್ಲಗೆ ಹೇಳುತ್ತೇನೆ. ನಾಳೆ ಇನ್ನೊಬ್ಬ ಸಹೋದ್ಯೋಗಿ ಬಂದು “ಸಾರ್” ಎಂದರೆ ಕೇಳುವ ಕಿವಿ ತೆರೆದಿರಬೇಕು.

ತಾತನ ಮಾತಿಗೂ ಈ ಪರೀಕ್ಷೆಯನ್ನು ಒಡ್ಡಿದ್ದೇನೆ. ಗಂಟು ಗಳಿಸಿದ ಸಾರಜನಕದಲ್ಲಿ ದೊಡ್ಡ ಪಾಲು ಕಾಳಿಗೆ ಹೋಗುತ್ತದೆ, ಕಾಳಿನೊಡನೆ ನಮ್ಮ ಮನೆಗೆ ಬರುತ್ತದೆ. ಬೇರಿನಲ್ಲಿ ಉಳಿಯುವುದು ಸ್ವಲ್ಪವೇ. ಆ ಸ್ವಲ್ಪವನ್ನಾದರೂ ನೆಲಕ್ಕೆ ಬಿಡು ಎಂಬುದು ಅವರ ಗದರಿಕೆಯ ಅರ್ಥ. ಈಗ ನಮ್ಮ ಕಡೆ ಅಕ್ಕಡಿ ಸಾಲಿನ ಹೊಲಗಳು ವಿರಳ. ಕಳೆದ ಬಾರಿ ಊರಿಗೆ ಹೋದಾಗ ಒಂದು ಹೊಲದಲ್ಲಿ ಅವರೆಯ ಸಾಲು ಕಂಡು ಬದುವಿನ ಮೇಲೆ ನಿಂತೆ. ಒಂದು ಗಿಡ ಕಿತ್ತು ಗಂಟು ಸೀಳಿ ನೋಡುವ ಆಸೆಯಾಯಿತು. ಕೀಳಲಿಲ್ಲ. ಕೆಳಗೆ ಕೆಂಪಿದೆಯೆಂದು ಈಗ ನನಗೆ ಗೊತ್ತು. ಬೇರು ನೆಲದಲ್ಲಿಯೇ ಇರಲಿ ಎಂದುಕೊಂಡು ಮುಂದೆ ನಡೆದೆ.